ಯಂತ್ರದ ಆಯಸ್ಸು ಬರೆದ ರೈಟ್ರು

ಅವರ ಕೆಳದುಟಿ ಯಾವಾಗಲೂ ನೇರಳೆ ಬಣ್ಣಕ್ಕಿರುತ್ತಿತ್ತು. ಮೊದಲ ಸಲ ನೋಡಿದಾಗ, ಕಾಲವಲ್ಲದ ಕಾಲದಲ್ಲಿ ಈ ಮನುಷ್ಯ ಎಲ್ಲಿಂದ ನೇರಳೆ ಹಣ್ಣು ತಂದು ತಿಂದರಪ್ಪಾ ಎಂದುಕೊಂಡೆ. ಹಣ್ಣಲ್ಲ, ಪೆನ್ಸಿಲ್ಲು. ಒದ್ದೆ ಮಾಡಿದರೆ ಮಾತ್ರ ಶಾಯಿಯ ಹಾಗೆ ಮೂಡುವ ಒಂದು ಜಾತಿಯ ಪೆನ್ಸಿಲ್ಲು ಆಗ ಕಚೇರಿಗಳಲ್ಲಿತ್ತು. ಅದರ ಮೊನೆಯನ್ನು ನಾಲ್ಕು ಅಂಕಿಗೊಮ್ಮೆ ತುಟಿಗೆ ಮುಟ್ಟಿಸಿಕೊಂಡು ಬರೆಯುತ್ತ ಬರೆಯುತ್ತ ಅವರ ತುಟಿಯೇ ಬಣ್ಣ ತಿರುಗಿಬಿಟ್ಟಿತ್ತು.

ಪವರ್ ಹೌಸಿನ ಲೆಕ್ಕದ ಗುಮಾಸ್ತರಾದ್ದರಿಂದ ಬ್ಲಫ್ ಎಂದು ಕರೆಯುತ್ತಿದ್ದ ಆ ಗುಡ್ಡದ ಕಾಲೊನಿಯಲ್ಲಿ ಎಲ್ಲರೂ ಅವರನ್ನು ರೈಟ್ರು ಅನ್ನುತ್ತಿದ್ದರು. ನಾನು ಹಿಂದೆ ಒಂದು ಅಣ್ಣ ಸೇರಿಸಿ ರೈಟ್ರಣ್ಣ ಅನ್ನುತ್ತಿದ್ದೆ.

ಗುತ್ತಲಿನಿಂದ ಮದುವೆಯಾಗಿ ನಾನು ಅಲ್ಲಿಗೆ ಹೋದಾಗ ನನಗೆ ಹದಿನೇಳು. ಯುದ್ಧ ಇನ್ನೂ ಶುರುವಾಗಿರಲಿಲ್ಲ. ನಮ್ಮ ಯಜಮಾನರು ಪವರ್ ಹೌಸಿನಲ್ಲಿ ಆಪರೇಟರು. ಮೇಲೆ ಗುಡ್ಡದಲ್ಲಿ ಮನೆಗಳ ಸಾಲು, ಕೆಳಗೆ ಕಣಿವೆಯಲ್ಲಿ ಮಿಷಿನ್ನುಗಳು, ನಡುವೆ ಹಳಿಯ ಮೇಲೆ ಇಳಿದು ಹತ್ತುವ ಟ್ರಾಲಿ. ಕಾವೇರಿ ಬಂಡೆಯಿಂದ ಬಂಡೆಗೆ ಬೀಳುವ ಸದ್ದು ಸದಾ ಕಿವಿಯಲ್ಲಿ. ಬೆಳಿಗ್ಗೆ ಬಾಗಿಲು ತೆಗೆದರೆ ಮಂಜೋ ನೀರಿನ ಹೊಗೆಯೋ ತಿಳಿಯದ ಒಂದು ಬಿಳಿ. ಅದರೊಳಗಿಂದ ಮೊದಲು ಒಂದು ತಲೆ, ಆಮೇಲೆ ಭುಜ, ಆಮೇಲೆ ಮಡಿಸಿ ಹಿಡಿದ ಛತ್ರಿ ಮೂಡುತ್ತಿತ್ತು. ಅದು ಟ್ರಾಲಿಗೆ ಹೊರಟ ರೈಟ್ರಣ್ಣ. ಮತ್ತೆ ಅದೇ ಬಿಳಿಯೊಳಕ್ಕೆ ಒಂದೊಂದಾಗಿ ಅಳಿಸಿಹೋಗುತ್ತಿದ್ದರು. ಆ ವರ್ಷಗಳನ್ನು ನೆನೆದರೆ ಈಗಲೂ ನನಗೆ ಎಚ್ಚರದಲ್ಲಿ ಬದುಕಿದ ಹಾಗೆ ಅನ್ನಿಸುವುದಿಲ್ಲ. ನೀರಿನ ಸದ್ದಿನ ಕೆಳಗೆ ಮಲಗಿ ಯಾರೋ ಹೇಳಿದ ಕತೆ ಕೇಳಿದ ಹಾಗಿದೆ.

ಅವರದು ಪಕ್ಕದ ಮನೆ. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಅಕ್ಕನಿಗೆ ಉಬ್ಬಸ, ಆ ತೇವದ ಗಾಳಿ ಆಕೆಗೆ ಆಗಿಬರುತ್ತಿರಲಿಲ್ಲ. ಅಕ್ಕಿ ಆರಿಸುತ್ತ ನಡುವೆ ಮೊರ ಕೆಳಗಿಟ್ಟು, ಎದೆ ಹಿಡಿದುಕೊಂಡು ಉಸಿರು ಬರುವುದನ್ನೇ ಕಾಯುತ್ತಿದ್ದಳು. ಬಂದ ಮೇಲೆ ಮಾತು ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದಳು.

ಅವರ ಮನೆಯ ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಬಾಟಲಿಗಳ ಒಂದು ಸಾಲು. ಔಷಧಿ ಬಾಟಲಿ, ಷರಬತ್ತಿನ ಬಾಟಲಿ, ಸೀಮೆಎಣ್ಣೆಯದು ಕೂಡ. ಎಲ್ಲದರಲ್ಲೂ ನೀರು, ನೀರಿನ ತಳದಲ್ಲಿ ಮರಳು. ಮಧ್ಯಾಹ್ನದ ಬಿಸಿಲು ಹಾಯ್ದರೆ ಗೋಡೆಯ ಮೇಲೆ ಹಳದಿ, ಕಂದು, ಹಸಿರು ಬೆಳಕು ತೂಗಾಡುತ್ತಿತ್ತು. ನಾನು ಅದನ್ನು ನೋಡುತ್ತ ಎಷ್ಟು ಹೊತ್ತು ಕೂತಿದ್ದೇನೋ.

ಮೊದಲ ಆಷಾಢದಲ್ಲಿ ಅಕ್ಕ ಮಲಗಿದ್ದಾಗ ಮನೆ ಚೊಕ್ಕಟ ಮಾಡಿಕೊಡೋಣವೆಂದು ಹೋದೆ. ಕೊನೆಯ ಬಾಟಲಿ ಕೆಸರು ಕಟ್ಟಿ ಅಸಹ್ಯವಾಗಿತ್ತು. ಚೆಲ್ಲಿ, ಬೂದಿ ಹಾಕಿ ಉಜ್ಜಿ, ಫಳಫಳ ಮಾಡಿ ಬೋರಲು ಹಾಕಿದೆ. ಸಂಜೆ ರೈಟ್ರಣ್ಣ ಬಂದು ಆ ಬಾಟಲಿಯ ಮುಂದೆ ನಿಂತವರು ಎಷ್ಟು ಹೊತ್ತಾದರೂ ಛತ್ರಿ ಕೆಳಗಿಡಲಿಲ್ಲ.

“ಇದನ್ನ ತೊಳ್ದೋರು ಯಾರು?”

“ನಾನೇ ಕಣಣ್ಣ. ಗಲೀಜಾಗಿತ್ತು.”

“ಅದು ಹೊಳೆಗೆ ಮೊದ್ಲು ನೀರು ಬಂದ ದಿನ ತಗದದ್ದು ಕಣವ್ವಾ. ಇನ್ನು ಮುಂದಿನ್ ವರ್ಸ್ವೇ ಅದು ಸಿಕ್ಕೋದು.”

ನನಗೆ ಅಳು ಬಂದುಬಿಟ್ಟಿತು. ಹೊಳೆಗೆ ಓಡಿಹೋಗಿ ಒಂದಷ್ಟು ಕೆಸರು ನೀರು ತುಂಬಿಸಿಕೊಂಡು ಬರುತ್ತೇನೆ, ಅಷ್ಟೇ ಮರಳು ಹಾಕಿಡೋಣ, ಯಾರಿಗೂ ಗೊತ್ತಾಗಾಕಿಲ್ಲ ಅಂದೆ. ಅವರು ನಕ್ಕರು.

“ಯಾರ್ಗೂ ಗೊತ್ತಾಗಾಕಿಲ್ಲ ಅಲ್ವಾ? ಅದಕ್ಕೇ ಸುಳ್ಳು ಬರೀಬಾರ್ದು. ಗೊತ್ತಾಗಂಗಿದ್ರೆ ಯಾರ್ ತಾನೇ ಬರೆದಾರು?”

ಗೂಡಿನಿಂದ ಉದ್ದನೆಯ ಪುಸ್ತಕ ತೆಗೆದು, ಪೆನ್ಸಿಲ್ಲು ತುಟಿಗೆ ಮುಟ್ಟಿಸಿ ಬರೆದರು. ನಾನು ಕತ್ತು ಚಾಚಿ ಓದಿದೆ: “ಮೊದಲ ಪ್ರವಾಹದ ಬಾಟಲಿ ಇಲ್ಲ. ನೆರೆಮನೆಯ ತಂಗಿ ತೊಳೆದಿಟ್ಟಳು. ಚೀಟಿ ಅಂಟಿಸದಿದ್ದ ತಪ್ಪು ನನ್ನದು.” ಆ ಪುಸ್ತಕದಲ್ಲಿ ಆ ತಿಂಗಳ ಅಂಕಿಯ ಮನೆ ಕೊನೆಯವರೆಗೂ ಖಾಲಿಯಾಗಿಯೇ ಉಳಿಯಿತು.

ಅವರು ಮಾಡುತ್ತಿದ್ದ ಕೆಲಸ ಏನೆಂದು ನನಗೆ ತಿಳಿದದ್ದು ಆ ದಿನ. ಮಳವಳ್ಳಿ ಹತ್ತಿರದ ಒಂದು ಹಳ್ಳಿಯ ಬೇಸಾಯದ ಮನೆಯವರು ರೈಟ್ರಣ್ಣ. ಮೈಸೂರಿನಲ್ಲಿ ಬಿ.ಎ. ಮಾಡಿ ಗುಮಾಸ್ತಗಿರಿಗೆ ಸೇರಿದ್ದರು. ನೌಕರಿಯಲ್ಲಿದ್ದುಕೊಂಡೇ ಪ್ರಬಂಧ ಬರೆದು ದೊಡ್ಡ ಡಿಗ್ರಿ ಪಡೆಯಬಹುದೆಂದು ತಿಳಿದು ಹೊರಗಿನ ಒಂದು ವಿಶ್ವವಿದ್ಯಾನಿಲಯಕ್ಕೆ ಹೆಸರು ಕೊಟ್ಟಿದ್ದರು. ಡಿಗ್ರಿ ಬಂದರೆ ಒಂದು ಕಾಲೇಜಿನಲ್ಲಿ ಲೆಕ್ಕಶಾಸ್ತ್ರದ ಲೆಕ್ಚರರ್ ಕೆಲಸ ಕೊಡಿಸುತ್ತೇನೆಂದು ಅಲ್ಲಿನ ಪ್ರೊಫೆಸರರೇ ಹೇಳಿದ್ದರು. ಆ ಊರಿನ ಗಾಳಿ ಒಣಗಾಳಿ. ಅಕ್ಕನಿಗೆ ಅಲ್ಲಿ ಒಳ್ಳೆಯದಾಗುತ್ತದೆಂದು ಡಾಕ್ಟರೂ ಅಂದಿದ್ದರು.

“ಒಂದು ಮಿಷಿನ್ನು ಎಷ್ಟು ವರ್ಸ ಬದುಕ್ತದೆ, ಹೇಳು ನೋಡವಾ,” ಎಂದು ನನ್ನನ್ನು ಕೇಳಿದರು.

“ನಂಗೇನ್ ಗೊತ್ತಣ್ಣ?”

“ಪುಸ್ತಕಕ್ಕೆ ಗೊತ್ತದೆ. ಇಂತಿಷ್ಟು ವರ್ಸ ಅಂತ ಅಚ್ಚಾಗೋಗದೆ. ವರ್ಸಕ್ಕೊಂದು ಪಾಲು ಬೆಲೇಲಿ ಕಳೀತಾ ಬಾ, ಕೊನೇಲಿ ಸೊನ್ನೆ. ಅದನ್ನ ಸವಕಳಿ ಅಂತಾರೆ. ಆದ್ರೆ ಇಲ್ಲಿ ನೀರು ಬಿದ್ದು ತಿರುಗೋ ಚಕ್ರ ಒಂದೇ ದಿನ ಬಂದವು ಎರಡು ಅವೆ. ಒಂದು ಮುದುಕ ಆಗೋಗದೆ. ಇನ್ನೊಂದು ಮದ್ವೆ ಗಂಡಿನಂಗದೆ. ಯಾಕೆ?”

ಅವರು ಕಿಟಕಿಯ ಕಡೆ ಕೈ ತೋರಿಸಿದರು.

“ಒಂದನ್ನ ಪ್ರವಾಹದಲ್ಲೂ ಓಡಿಸ್ತಾರೆ, ಇನ್ನೊಂದನ್ನ ಓಡಿಸಾಕಿಲ್ಲ. ಹೊಸನೀರಲ್ಲಿ ಬರೋ ಮರಳು ಆ ಕಬ್ಬಿಣಾನ ತಿಂತದೆ. ಮಿಷಿನ್ನು ಸವೆಯಾದು ವರ್ಸದಿಂದಲ್ಲ ಕಣವ್ವಾ, ಮರಳಿಂದ. ಅದನ್ನ ಲೆಕ್ಕದಲ್ಲಿ ಎಂಗೆ ಬರೆಯಾದು ಅಂತ ಯಾರೂ ಬರ್ದಿಲ್ಲ.”

ಹೊಳೆಯ ಬಾಟಲಿ ಅರ್ಧ ಕೆಲಸ. ಇನ್ನರ್ಧ ಒಬ್ಬ ಮನುಷ್ಯರ ತಲೆಯಲ್ಲಿತ್ತು. ಮಳವಳ್ಳಿಯ ಒಬ್ಬ ಸಾಬರು ಪವರ್ ಹೌಸು ಹೊಸದಾಗಿದ್ದ ಕಾಲದಿಂದ ಅಲ್ಲಿ ಫಿಟ್ಟರು. ಮಿಷಿನ್ನಿನ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಒಳಗೆ ಎಲ್ಲಿ ಸವೆದಿದೆ ಎಂದು ಹೇಳುತ್ತಿದ್ದರು. ಕಳಚಿ ನೋಡಿದರೆ ಅಲ್ಲೇ ಸವೆದಿರುತ್ತಿತ್ತು. ಹಳೆಯ ರಿಪೇರಿ ಯಾವುದು, ಯಾಕೆ ಎಂದು ಬರೆದ ಒಂದು ಚೂರು ಕಾಗದವೂ ಇರಲಿಲ್ಲ, ಎಲ್ಲ ಅವರ ನೆನಪೇ. ಭಾನುವಾರ ಮಧ್ಯಾಹ್ನ ಟ್ರಾಲಿಯ ಮೇಲ್ತುದಿಯ ಹುಣಸೆಮರದಡಿ ಇಬ್ಬರೂ ಕೂರುತ್ತಿದ್ದರು. ಅಕ್ಕ ಕಾಫಿ ಕೊಟ್ಟು ನನ್ನನ್ನು ಕಳಿಸುತ್ತಿದ್ದಳು.

“ಮೂರ್ನೇ ಚಕ್ರಕ್ಕೆ ರೆಕ್ಕೆ ಬದಲಾಯ್ಸಿದ್ದು ಯಾವಾಗ ಸಾಬ್ರೇ?”

ಸಾಬರು ಗಡ್ಡ ನೀವಿಕೊಂಡು ನೀರಿನ ಕಡೆ ನೋಡುತ್ತಿದ್ದರು. “ನಮ್ಮ ದೊಡ್ಡ ಮಗಳು ಹುಟ್ಟಿದ್ಳು ಸ್ವಾಮಿ. ನಲವತ್ತನೇ ದಿನದ ಊಟ. ಊಟಕ್ಕೆ ಕೂತಿದ್ದೆ, ಜವಾನ ಬಂದ, ಎದ್ದು ಬಂದ್ಬುಟ್ಟೆ. ಬಿರಿಯಾನಿ ಉಳೀತು.”

ರೈಟ್ರಣ್ಣ ಆ ಮಗಳ ವಯಸ್ಸು, ಹುಟ್ಟಿದ ತಿಂಗಳು ಕೇಳಿ, ಹಿಂದಕ್ಕೆ ಎಣಿಸಿ, ಮಾರನೆಯ ದಿನ ಉಗ್ರಾಣದ ಹಳೆಯ ಚೀಟಿಗಳನ್ನು ತೆಗೆಯುತ್ತಿದ್ದರು. ಸಾಮಾನು ಹೊರಗೆ ಹೋದದ್ದು ಅದೇ ತಿಂಗಳು. ಒಂದೆರಡಲ್ಲ, ಎಷ್ಟೋ ಸಲ ಹಾಗೆ ತಾಳೆಯಾಯಿತು. ಸಾಬರಿಗೆ ಏಳು ಮಕ್ಕಳು. ಆ ಏಳು ಹುಟ್ಟಿನ ನಡುವೆ ಪವರ್ ಹೌಸಿನ ಇಡೀ ಚರಿತ್ರೆ ಹರಡಿಕೊಂಡಿತ್ತು. ಕೆಳಗೆ ಮಿಷಿನ್ನಿನ ಗುಂಯ್ ಎನ್ನುವ ಶ್ರುತಿ, ಮೇಲೆ ಹುಣಸೆ ಎಲೆಯ ಸಣ್ಣ ನೆರಳು, ನಡುವೆ ಆ ಇಬ್ಬರ ಸಣ್ಣ ಮಾತು. ಕಾಫಿ ಲೋಟ ವಾಪಸು ತರಲು ನಿಂತವಳು ನಾನು ಹೋಗುವುದನ್ನೇ ಮರೆಯುತ್ತಿದ್ದೆ.

ಯುದ್ಧ ಬಂತು. ಹೊರದೇಶದಿಂದ ಬಿಡಿಭಾಗ ಬರುವುದು ನಿಂತಿತು. ಕಾಗದಕ್ಕೂ ಬರ. ಅದೇ ಸಮಯಕ್ಕೆ ಅವರ ಪ್ರಬಂಧ ಟೈಪಿಗೆ ಬಂತು. ಹರಾಜಿನಲ್ಲಿ ಕೊಂಡ ಹಳೆಯ ಟೈಪ್‌ರೈಟರೊಂದು ಮನೆಯಲ್ಲಿತ್ತು. ಅವರು ಎರಡೇ ಬೆರಳಿನಲ್ಲಿ ಕುಟ್ಟುವುದನ್ನು ನೋಡಲಾರದೆ ಅಕ್ಕನೇ ಅಂದಳು: “ಈ ಮಗೀಗೆ ಕಲ್ಸ್ಕೊಡಿ. ಗಂಡ ಡೂಟಿಗೋದ್ರೆ ಗ್ವಾಡೆ ನೋಡ್ಕಂಡು ಕುಂತಿರ್ತಳೆ.” ಮಿಡ್ಲ್ ಸ್ಕೂಲಿನವರೆಗೆ ಓದಿದ್ದರಿಂದ ಇಂಗ್ಲಿಷ್ ಅಕ್ಷರ ನನಗೆ ಬರುತ್ತಿತ್ತು. ಯಜಮಾನರೂ ಬೇಡವೆನ್ನಲಿಲ್ಲ. ಹಳೆಯ ಫಾರಂಗಳ ಬೆನ್ನ ಮೇಲೆ ಬೆರಳು ಕೂರಿಸಿಕೊಂಡು, ಮೂರು ತಿಂಗಳಲ್ಲಿ ನೋಡದೆ ಹೊಡೆಯುವಷ್ಟಾದೆ. ಒಂದೊಂದು ಪುಟವನ್ನೂ ಹೊಡೆಯುವ ಮುಂಚೆ ಅವರು ಅದರಲ್ಲಿರುವುದನ್ನು ನಮ್ಮ ಭಾಷೆಯಲ್ಲಿ ಹೇಳುತ್ತಿದ್ದರು. ನನಗೆ ಅರ್ಥವಾಗದಿದ್ದರೆ ಪುಟವನ್ನೇ ತಿದ್ದುತ್ತಿದ್ದರು. “ನಿಂಗೆ ತಿಳೀದಿದ್ರೆ ನಂಗೂ ತಿಳ್ದಿಲ್ಲ ಅಂತ ಅರ್ಥ,” ಅನ್ನುತ್ತಿದ್ದರು.

ಮೂರನೆಯ ಅಧ್ಯಾಯದ ಕೆಳಗೆ ಒಂದು ಅಡಿಟಿಪ್ಪಣಿ ಇತ್ತು. ಫಿಟ್ಟರ್ ಸಾಬರ ಪೂರ್ತಿ ಹೆಸರು, ಅವರ ತಂದೆಯ ಹೆಸರು, ಮಳವಳ್ಳಿಯಲ್ಲಿ ಅವರ ಬೀದಿ, ಮತ್ತು “ಈ ಅಧ್ಯಾಯದ ಸಂಗತಿಗಳನ್ನು ತಿಳಿಸಿದವರು ಇವರು” ಎಂದು ಮೂರು ಸಾಲು.

ಪ್ರೊಫೆಸರರು ಮೊದಲು ನೋಡಲೆಂದು ಪ್ರಬಂಧ ಟಪಾಲಿನಲ್ಲಿ ಹೋದ ಕೆಲವು ತಿಂಗಳಿಗೆ ಅವರ ಕಾಗದ ಬಂತು. ಮದ್ದೂರಿಗೆ ಒಂದು ಮದುವೆಗೆ ಬರುತ್ತಿದ್ದೇನೆ, ಹಿಂದಿರುಗುವ ಗಾಡಿಗೆ ಮುಂಚೆ ಸ್ಟೇಷನ್ನಿನಲ್ಲಿ ಸಿಗಿ ಎಂದು. ನಾನಾಗ ಬಾಣಂತನ ಮುಗಿಸಿ ಗುತ್ತಲಿನಿಂದ ಹೊರಡುವವಳಿದ್ದೆ. ನೀನೂ ಅಲ್ಲಿಗೇ ಬಾ, ಒಟ್ಟಿಗೇ ಬಸ್ಸಿಗೆ ಹೋಗೋಣ ಎಂದು ಅಕ್ಕ ಹೇಳಿಕಳಿಸಿದಳು. ತಮ್ಮ ನನ್ನನ್ನೂ ಮಗುವನ್ನೂ ಮದ್ದೂರಿನಲ್ಲಿ ಇಳಿಸಿ ಹೋದ.

ಪ್ಲಾಟ್‌ಫಾರಂ ಬೆಂಚಿನ ಮೇಲೆ ಪ್ರೊಫೆಸರು ಮತ್ತು ರೈಟ್ರಣ್ಣ. ಪಕ್ಕದ ಬೆಂಚಿನಲ್ಲಿ ಅಕ್ಕ, ನಾನು, ಮಡಿಲಲ್ಲಿ ಮಗು. ಪ್ರೊಫೆಸರು ಒಳ್ಳೆಯವರ ಹಾಗೆಯೇ ಕಂಡರು. ಮದುವೆಯ ಮನೆಯ ತೆಂಗಿನಕಾಯಿ ತಾಂಬೂಲ ಕೈಯಲ್ಲಿತ್ತು.

“ತುಂಬ ಚೆನ್ನಾಗಿದೆ. ಹೊಸ ವಿಚಾರ. ಒಂದೇ ಒಂದು ತಿದ್ದುಪಡಿ. ಆ ಫಿಟ್ಟರನ ಟಿಪ್ಪಣಿ ತೆಗೆದುಬಿಡಿ. ಓದುಬರಹ ಇಲ್ಲದವನು ಹೇಳಿದ್ದು ಆಧಾರವಾಗುವುದಿಲ್ಲ. ಪರೀಕ್ಷಕರು ಒಪ್ಪುವುದಿಲ್ಲ. ವರ್ಕ್‌ಷಾಪಿನ ದಾಖಲೆಗಳಿಂದ ಅಂತ ಹಾಕಿ.”

“ಅಂಥ ದಾಖಲೆ ಇಲ್ಲ ಸಾರ್.”

“ಹಾಗಾದರೆ ನಿಮ್ಮ ಸ್ವಂತ ಅವಲೋಕನ ಅನ್ನಿ.”

“ನಾನು ಅವಲೋಕಿಸಲಿಲ್ಲ ಸಾರ್. ನಾನು ಬರೋ ಮುಂಚಿನದು ಅದು.”

“ನೋಡೀಪ್ಪಾ, ಮೂರು ಸಾಲು. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಆ ಹುದ್ದೆ ಮಳೆಗಾಲದವರೆಗೂ ಖಾಲಿ ಇರುತ್ತದೆ.”

ಗಾಡಿ ಬಂತು. ಅವರು ಹತ್ತಿ, ಕಿಟಕಿಯಿಂದ ಬಗ್ಗಿ, ಮೂರು ಬೆರಳು ತೋರಿಸಿದರು. ಗಾಡಿ ಹೋದ ಮೇಲೆ ಆ ಸ್ಟೇಷನ್ನಿನಲ್ಲಿ ನನಗೆ ವಿಚಿತ್ರವಾದ ನಿಶ್ಶಬ್ದ ಕೇಳಿಸಿತು. ನೀರಿಲ್ಲ, ಮಿಷಿನ್ನಿಲ್ಲ. ರೈಟ್ರಣ್ಣ ಕಾಗದದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಹಳಿಗಳನ್ನೇ ನೋಡುತ್ತ ಕೂತಿದ್ದರು.

ಪೆಟ್ರೋಲಿಗೆ ಬರವಾಗಿ ಮಳವಳ್ಳಿಯ ಬಸ್ಸು ಆಗ ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು. ದಿಬ್ಬ ಬಂದರೆ ಎಲ್ಲರೂ ಇಳಿದು ನಡೆಯಬೇಕು. ಆ ಹೊಗೆಗೆ ಅಕ್ಕನ ಉಬ್ಬಸ ಕೆರಳಿತು. ದಾರಿಯ ಪಕ್ಕದ ಕಬ್ಬಿನ ಗದ್ದೆಯ ಬದುವಿನ ಮೇಲೆ ಕೂತು ಬಾಯಿ ತೆರೆದು ಉಸಿರಿಗಾಗಿ ಕಾದಳು. ರೈಟ್ರಣ್ಣ ಅವಳ ಬೆನ್ನು ನೀವುತ್ತ, ತಗ್ಗಿದ ದನಿಯಲ್ಲಿ, “ತಗ್ದುಬುಡ್ತೀನಿ ಕಣೆ. ಮೂರ್ ಸಾಲು ತಾನೆ,” ಅಂದರು. ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೊಂದೇ ಸಲ. ಅಕ್ಕನಿಗೆ ಮಾತಾಡುವಷ್ಟು ಉಸಿರು ಇರಲಿಲ್ಲ. ತಲೆಯನ್ನು ಒಂದು ಸಲ ಅಡ್ಡಕ್ಕೆ ಆಡಿಸಿದಳು. ಅದು ಬೇಡವೆಂದೋ, ಸಂಕಟಕ್ಕೋ, ನನಗೆ ತಿಳಿಯಲಿಲ್ಲ.

ಮುಂದಿನ ಭಾನುವಾರ ಹುಣಸೆಮರದಡಿ ಸಾಬರಿಗೆ ವಿಷಯ ಹೇಳಿದರು. ಸಾಬರು ತಕ್ಷಣ, “ತೆಗ್ದಾಕಿ ಸ್ವಾಮಿ. ನನ್ನ ಹೆಸ್ರು ಪುಸ್ತಕದಾಗೆ ಕೂತ್ಕಂಡು ಏನ್ ಮಾಡ್ಬೇಕು? ಅಮ್ಮಾವ್ರು ಉಸಿರಾಡ್ಲಿ,” ಅಂದರು.

“ನಿಮ್ಗೋಸ್ಕರ ಇಟ್ಟದ್ದಲ್ಲ ಸಾಬ್ರೇ. ನಾಳೆ ಯಾವನೋ ಓದ್ತಾನೆ. ಇದು ದಿಟವಾ ಅಂತ ಕೇಳಬೇಕು ಅನ್ಸುದ್ರೆ, ಅವನು ಯಾರ ಮನೆ ಬಾಗ್ಲು ತಟ್ಟಬೇಕು?”

ಸಾಬರು ಲೋಟ ನನ್ನ ಕೈಗಿತ್ತರು, ರೈಟ್ರಣ್ಣನ ಹಿಂದೆಯೇ ನಾನೂ ನಡೆದೆ. ಮನೆಗೆ ಬಂದಾಗ ಅಕ್ಕ ಒಲೆಯ ಮುಂದಿದ್ದಳು. ತಿರುಗಿಯೂ ನೋಡದೆ ಮುದ್ದೆ ತೊಳಸುತ್ತಲೇ ಅಂದಳು: “ಅದ್ಯಾಕೆ ಆಪಾಟಿ ಯೋಚ್ನೆ ಮಾಡೀರಿ? ಸಾಬ್ರ ಹೆಸ್ರು ಅಲ್ಲೇ ಇರ್ಲಿ. ತಗುದ್ರೆ ನೀವು ಆ ಊರಲ್ಲಿ ನನ್ ಮಕ ನೋಡ್ದಾಗೆಲ್ಲ ಅದೇ ಗ್ಯಾನ ಬತ್ತದೆ. ಅಂಥ ಗಾಳಿ ನಂಗೆ ಬ್ಯಾಡ.”

ಟಿಪ್ಪಣಿ ಇದ್ದ ಹಾಗೆಯೇ ಪ್ರಬಂಧ ಪರೀಕ್ಷಕರಿಗೆ ಹೋಯಿತು, ಹೋದ ಹಾಗೆಯೇ ತಿರುಗಿ ಬಂತು. ಆಧಾರಗಳು ಶಾಸ್ತ್ರೀಯವಾಗಿಲ್ಲ ಎಂದು ಒಂದು ಸಾಲಿನ ಕಾಗದ ಜೊತೆಗೆ. ಲೆಕ್ಚರರ್ ಕೆಲಸ ಬೇರೆಯವರಿಗಾಯಿತು. ರೈಟ್ರಣ್ಣ ಕಟ್ಟನ್ನು ಟ್ರಂಕಿನಲ್ಲಿಟ್ಟು ಕೆಲಸಕ್ಕೆ ಹೋದರು, ಬಂದರು, ಉಂಡರು. ಏನೂ ಆಗಿಲ್ಲವೆಂದೇ ನಾವೆಲ್ಲ ತಿಳಿದೆವು. ಆದರೆ ಆ ತಿಂಗಳು ಕಿಟಕಿಯಲ್ಲಿ ಹೊಸ ಬಾಟಲಿ ಬರಲಿಲ್ಲ. ಒಂದು ದಿನ ಧೂಳು ಒರೆಸುತ್ತ ಆ ಉದ್ದನೆಯ ಪುಸ್ತಕ ತೆರೆದೆ. “ಈ ತಿಂಗಳು ನೀರು ತೆಗೆದಿಲ್ಲ. ಕಾರಣ: ಮನಸ್ಸಿರಲಿಲ್ಲ” ಎಂದಿತ್ತು. ಮುಚ್ಚಿಟ್ಟು ಅಡಿಗೆಮನೆಗೆ ಹೋಗಿ ಅಕ್ಕನ ಪಕ್ಕ ಕೂತೆ.

ಮರುವರ್ಷ ಒಂದು ಬೆಳಿಗ್ಗೆ ಪವರ್ ಹೌಸಿನ ಎಂಜಿನಿಯರು ಅವರ ಜಗಲಿಗೆ ಬಂದರು. ಬದಲಿ ಚಕ್ರ ಯುದ್ಧ ಮುಗಿಯುವವರೆಗೆ ಬರುವಂತಿಲ್ಲ, ಇರುವುದನ್ನೇ ಉಳಿಸಿಕೊಳ್ಳಬೇಕು. ನೀವೇನೋ ಬರೆದಿದ್ದೀರಂತೆ, ನೋಡಬಹುದೇ ಎಂದು ಕೇಳಿದರು. ರೈಟ್ರಣ್ಣ ಕಾರ್ಬನ್ ಪ್ರತಿ ಕೊಟ್ಟರು. ನಾಲ್ಕು ದಿನ ಬಿಟ್ಟು ಅದೇ ಎಂಜಿನಿಯರು ಮೂರನೆಯ ಅಧ್ಯಾಯದಲ್ಲಿ ಬೆರಳಿಟ್ಟುಕೊಂಡು ಬಂದು, “ಈ ಫಿಟ್ಟರು ಈಗ ಎಲ್ಲಿದ್ದಾರೆ?” ಅಂದರು. ಸಾಬರಿಗೆ ಕೆಲಸದಿಂದ ನಿವೃತ್ತಿಯಾಗಿತ್ತು. ಟಿಪ್ಪಣಿಯಲ್ಲಿದ್ದ ಬೀದಿಯನ್ನೇ ಹಿಡಿದು ಎಂಜಿನಿಯರು ಮಳವಳ್ಳಿಗೆ ಹೋದರು. ಆ ಮಳೆಗಾಲ ಹೊಳೆ ಕೆಂಪಾದ ದಿನಗಳಲ್ಲಿ ಯಾವ ಚಕ್ರ ನಿಲ್ಲಿಸಬೇಕು, ಯಾವುದನ್ನು ಓಡಿಸಬೇಕು ಎಂದು ಸಾಬರು ಕೂತು ಹೇಳಿದರು, ಎಂಜಿನಿಯರು ಬರೆದುಕೊಂಡರು. ಯುದ್ಧ ಮುಗಿಯುವವರೆಗೂ ಒಂದೂ ಕೆಡಲಿಲ್ಲ.

ಎಂಜಿನಿಯರು ತಮ್ಮ ಮನೆ ಬಾಗಿಲು ತಟ್ಟಿದ ಸುದ್ದಿಯನ್ನು ಸಾಬರೇ ಬಸ್ಸಿನಲ್ಲಿ ಬಂದು ಹೇಳಿದರು. ಹೇಳಿದ ಮೇಲೆ ನನ್ನ ಕಡೆ ತಿರುಗಿ, “ನನ್ನ ಹೆಸ್ರು ಎಲ್ಲೈತೆ ತೋರ್ಸು ಮಗಳೇ,” ಅಂದರು. ತೋರಿಸಿ ಓದಿದೆ. “ಅಬ್ಬಾಜಾನ್ದೂ ಐತಾ?” ಅಂದರು. ಅದನ್ನೂ ಓದಿದೆ. ಇನ್ನೊಂದು ಸಲ ಓದಿಸಿಕೊಂಡರು. ರೈಟ್ರಣ್ಣ ಆಗ ಎದ್ದು ಹಿತ್ತಲಿಗೆ ಹೋಗಿಬಿಟ್ಟರು.

ಯುದ್ಧ ಮುಗಿದ ವರ್ಷ ನಮ್ಮ ಯಜಮಾನರು ವಿಷಮಶೀತ ಜ್ವರದಲ್ಲಿ ತೀರಿಕೊಂಡರು. ಇಪ್ಪತ್ತೊಂದು ದಿನ. ಕ್ವಾರ್ಟರ್ಸ್ ಬಿಟ್ಟುಕೊಡಬೇಕು. ಮಗುವನ್ನೆತ್ತಿಕೊಂಡು ತವರಿಗೆ ಹೊರಟ ದಿನ ರೈಟ್ರಣ್ಣ ಟೈಪ್‌ರೈಟರನ್ನು ಗೋಣಿಯಲ್ಲಿ ಸುತ್ತಿ ಗಾಡಿಯ ಮೇಲಿಟ್ಟರು. ನಾನು ಬೇಡವೆಂದೆ. “ನಿಮ್ಮಣ್ಣ ತಮ್ಮದೀರು ಅನ್ನ ಆಕ್ತಾರೆ, ಇಲ್ಲ ಅನ್ನಾಕಿಲ್ಲ. ಆದ್ರೆ ಎಷ್ಟು ವರ್ಸ ಅಂತ ಕೇಳ್ತಾರೆ,” ಅಂದರು. ಮಂಡ್ಯದಲ್ಲಿ ಟೈಪಿಂಗ್ ಪರೀಕ್ಷೆಗೆ ನನ್ನ ಅರ್ಜಿ ಬರೆದು ಕಳಿಸಿದವರು ಅವರು. ಪರೀಕ್ಷೆಯ ದಿನ ಹೊರಗೆ ಬೇವಿನ ಮರದಡಿ ನನ್ನ ಮಗನನ್ನು ಎತ್ತಿಕೊಂಡು ನಿಂತಿದ್ದವರೂ ಅವರೇ. ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸವಾಯಿತು.

ಅಷ್ಟರಲ್ಲಿ ಅವರು ಅಕ್ಕನಿಗಾಗಿ ಕೆಲಸ ಬಿಟ್ಟು ತಮ್ಮ ಹಳ್ಳಿಗೆ ಹೋಗಿದ್ದರು. ಹಳ್ಳಿಯ ಬಿಸಿಲಿಗೆ ಅಕ್ಕ ಚೇತರಿಸಿಕೊಂಡಳು. ಮಲಗಿದವರು ರೈಟ್ರಣ್ಣ. ನಲವತ್ತೇಳನೇ ಇಸವಿಯ ಬೇಸಿಗೆಯಲ್ಲಿ, ಮೊದಲ ಸಂಬಳದ ಕಿತ್ತಲೆಹಣ್ಣು ಕಟ್ಟಿಕೊಂಡು ನೋಡಲು ಹೋದೆ. ಕಾಮಾಲೆ. ಕಣ್ಣು, ಉಗುರು ಎಲ್ಲ ಹಳದಿ. ಚಾಪೆಯ ಮೇಲೆ ಒರಗಿಕೊಂಡೇ ಕೇಳಿದರು:

“ನಿನ್ನೆ ಆಫೀಸಲ್ಲಿ ಏನ್ ಟೈಪ್ ಮಾಡ್ದೆ?”

“ಅದೇನೋ ಸರ್ಕಾರಿ ಕಾಗದ ಕಣಣ್ಣ. ಯಾರ್ ಓದ್ತಾರೆ ಅದನ್ನ? ಕಣ್ಣಿಗೆ ಬಿದ್ದಂಗೆ ಹೊಡ್ಕಂಡೋಗದು.”

ಅಂಗಳದಲ್ಲಿ ಅಕ್ಕ ಕಾಳು ಕೇರುವ ಸದ್ದು, ತಡೆಯಿಲ್ಲದೆ, ಒಂದೇ ಸಮ.

“ಬೆರಳು ಬೇಕಾದ್ರೆ ಬಾಡ್ಗೆಗೆ ಕೊಡವ್ವಾ,” ಅಂದರು. “ಕಣ್ಣು ಕೊಡಬ್ಯಾಡ. ಓದ್ದೆ ಒಂದಕ್ಷರಾನೂ ಹೊಡೀಬ್ಯಾಡ.”

ಹದಿನೈದು ದಿನಕ್ಕೆ ಹೋಗಿಬಿಟ್ಟರು. ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಸಾಬರು ಮಗನ ಹೆಗಲು ಹಿಡಿದುಕೊಂಡು ಬಂದು ಒಂದು ಹಿಡಿ ಮಣ್ಣು ಹಾಕಿದರು.

ಆಮೇಲೆ ನಾನು ಟೈಪ್ ಮಾಡಿದ್ದನ್ನೆಲ್ಲ ಓದುತ್ತಲೇ ಮಾಡಿದೆ. ನಿಧಾನದವಳು ಎಂದು ಕಚೇರಿಯಲ್ಲಿ ಹೆಸರಾದೆ. ನನ್ನ ಹಿಂದೆ ಬಂದವರು ನನ್ನನ್ನು ದಾಟಿ ಮೇಲಕ್ಕೆ ಹೋದರು. ಹಾಗೆ ಓದುತ್ತಿರುವಾಗ ಒಂದು ಸಲ, ತೀರಿಕೊಂಡ ನೌಕರರ ವಿಧವೆಯರ ಪಿಂಚಣಿಯ ಕರಡು ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿದ್ದು ಕಂಡಿತು. ಅರ್ಜಿ ಇತ್ತು, ಮಂಜೂರಾತಿ ಇತ್ತು, ಬರೆದವರ ಕಣ್ಣು ಒಂದು ಸಾಲು ಜಾರಿತ್ತು. ಹೋಗಿ ತೋರಿಸಿ ಸೇರಿಸಿದೆ. ಮೂರು ತಿಂಗಳಾದ ಮೇಲೆ ಭಾರತೀನಗರದ ಕಡೆಯ ಒಬ್ಬ ಹೆಂಗಸು ನನ್ನ ಮೇಜಿನ ಮುಂದೆ ಬಂದು ನಿಂತಳು. ಸೆರಗಿನಲ್ಲಿ ಕಟ್ಟಿ ತಂದಿದ್ದ ಎರಡು ಅಚ್ಚು ಬೆಲ್ಲವನ್ನು ಮೇಜಿನ ಮೇಲಿಟ್ಟು, “ನನ್ನ ಹೆಸ್ರು ಸೇರ್ಸಿದ್ದು ನೀವೇ ಅಂತೆ ಕಣಮ್ಮ. ಹೇಳುದ್ರು,” ಅಂದಳು.

ನಾನಲ್ಲ ಅನ್ನಬೇಕೆನಿಸಿತು. ಯಾರೆಂದು ಹೇಳಲು ಬಾಯಿ ತೆರೆದೆ. ಆದರೆ ಅವಳು ಆಗಲೇ ಕೈಮುಗಿದು, ಬಸ್ಸು ತಪ್ಪುತ್ತದೆಂದು ಬಿರಬಿರನೆ ಬಾಗಿಲು ದಾಟಿ ಹೋಗಿಬಿಟ್ಟಿದ್ದಳು.